ಬೋಲ್ಟಿನ ಹಣೆಬರಹ

ಕೆಲವು ಸದ್ದುಗಳಿಗೆ ಮನೆಯವರೆಂದರೆ ಸದರ, ಹೊರಗಿನವರೆಂದರೆ ಸಂಕೋಚ. ನಮ್ಮ ಕಾರಿನಲ್ಲಿ ಸೇರಿಕೊಂಡಿದ್ದ ಸದ್ದು ಆ ಪೈಕಿಯದು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಾನೆಟ್ಟಿನ ಅಡಿಯಿಂದ ಟಿಕ್ ಟಿಕ್ ಟಿಕ್. ಆಕ್ಸಿಲರೇಟರ್ ಒತ್ತಿದರೆ ಅದೂ ಹೆಜ್ಜೆ ಚುರುಕು ಮಾಡುತ್ತದೆ. ಹನುಮಂತನಗರದಿಂದ ಹೊರಟು ರಾಮಕೃಷ್ಣಾಶ್ರಮದ ಸಿಗ್ನಲ್ಲಿನಲ್ಲಿ ಕಾದು ಚಾಮರಾಜಪೇಟೆಯ ಗ್ಯಾರೇಜು ಮುಟ್ಟುವ ಹೊತ್ತಿಗೆ ಮಾತ್ರ ಚಕಾರವಿಲ್ಲ. "ಎಲ್ಲಿ ಮೇಡಂ ಸೌಂಡು?" ಎಂದು ಮೆಕ್ಯಾನಿಕ್ ಭಾಯಿ ಬಾನೆಟ್ಟಿನ ಮೇಲೆ ಬಗ್ಗುತ್ತಾರೆ. ನಾನು ಬಾಯಲ್ಲೇ ಟಿಕ್ ಟಿಕ್ ಎಂದು ಅನುಕರಿಸಿ ತೋರಿಸುತ್ತೇನೆ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತಳಾದ ಹೆಂಗಸೊಬ್ಬಳು ನಡುಬೀದಿಯಲ್ಲಿ ನಾಲಿಗೆಯಿಂದ ಟಿಕ್ ಟಿಕ್ ಎನ್ನುತ್ತಿದ್ದರೆ, ಪಕ್ಕದ ಟೀ ಅಂಗಡಿಯವರು ಗ್ಲಾಸು ಕೆಳಗಿಟ್ಟು ನೋಡುತ್ತಾರೆ.

ಕಾರಿನ ಕತೆಯನ್ನೂ ಸ್ವಲ್ಪ ಹೇಳಬೇಕು. ಅದು ಹದಿನೆಂಟುನೂರು ಸಿಸಿಯ ಹಳೆಯ ಪೆಟ್ರೋಲ್ ಕಾರು, ಟರ್ಬೊ ಇದೆ. ಸೆಕೆಂಡ್ ಹ್ಯಾಂಡ್ ಕೊಂಡವರು ನಮ್ಮ ಮನೆಯವರು. ಹಿಂಬದಿಯ ಬೆಳ್ಳಿ ಬಣ್ಣದ ಒಂದು ಅಕ್ಷರಕ್ಕೆ ಮನಸೋತು ಕೊಂಡರು. ತಂದ ವಾರದಲ್ಲೇ ನೈಸ್ ರಸ್ತೆಯಲ್ಲಿ ಒಮ್ಮೆ ಕಾಲು ಸ್ವಲ್ಪ ಭಾರವಾಗಿ ಇಟ್ಟರಂತೆ. ಕಾರು ಅರೆಕ್ಷಣ ಯೋಚಿಸಿ ಆಮೇಲೆ ಬೆನ್ನಿಗೆ ಗುದ್ದಿದ ಹಾಗೆ ಮುಂದೆ ಹಾರಿತಂತೆ. ಅಂದಿನಿಂದ ಅವರು ಪಕ್ಕದ ಸೀಟಿನ ಖಾಯಂ ಗಿರಾಕಿ. ಡ್ರೈವರ್ ಸೀಟು ನನ್ನ ಪಾಲಿಗೆ ಬಂತು, ಜತೆಗೆ ರಿಪೇರಿ ಖಾತೆಯೂ. ಆ ಖಾತೆಯಲ್ಲಿ ಅವರ ಪಾತ್ರ ಸಲಹೆಗಾರರದು. ಟಿಕ್ ಟಿಕ್ ಸದ್ದಿನ ಬಗ್ಗೆ ಅವರ ಮೊದಲ ಸಲಹೆ, "ರೇಡಿಯೋ ಹಾಕು."

ಕೊನೆಗೆ ಭಾಯಿ ಒಂದು ಉಪಾಯ ಹೇಳಿದರು. "ಗಾಡಿ ರಾತ್ರಿ ಇಲ್ಲೇ ಬಿಡಿ ಮೇಡಂ. ಬೆಳಿಗ್ಗೆ ತಣ್ಣಗಿರುವಾಗ ನಾನೇ ಎಬ್ಬಿಸ್ತೀನಿ." ಮರುದಿನ ನಾನು ಹೋದಾಗ ಅವರು ಅರ್ಧ ಗಜದಷ್ಟು ರಬ್ಬರ್ ಪೈಪು ತಂದರು. ಅದರ ಒಂದು ತುದಿಯನ್ನು ಕಿವಿಗೆ ಒತ್ತಿಕೊಂಡು, ಇನ್ನೊಂದು ತುದಿಯನ್ನು ಎಂಜಿನ್ನಿನ ಹಿಂಬದಿಯಲ್ಲಿ ನಿಧಾನವಾಗಿ ಸರಿಸುತ್ತ ಹೋದರು. ನಾಲ್ಕನೇ ಸಿಲಿಂಡರಿನ ಹತ್ತಿರ ಪೈಪು ನಿಂತಿತು, ಹುಬ್ಬು ಮೇಲೇರಿತು. ಪೈಪು ನನ್ನ ಕೈಗೆ ಬಂತು. ಕಿವಿಗೆ ಇಟ್ಟುಕೊಂಡರೆ ಎಲ್ಲ ಸ್ಪಷ್ಟ: ಅದು ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದಲ್ಲ, ಉಸಿರು. ಇಕ್ಕಟ್ಟಾದ ಸಂದಿಯಿಂದ ಹೊಗೆ ಚುರುಕು ಚುರುಕಾಗಿ ಉಗುಳುವ ಸದ್ದು. ಟಾರ್ಚು ಬಿಟ್ಟು ನೋಡಿದರೆ ಸಾಕ್ಷಿಯೂ ಇತ್ತು. ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸಿ ಒಯ್ಯುವ ಎರಕದ ಮ್ಯಾನಿಫೋಲ್ಡು ಅಲ್ಯೂಮಿನಿಯಂ ಹೆಡ್ಡಿಗೆ ಕೂರುವ ಗೆರೆಯಲ್ಲಿ, ಅಲ್ಯೂಮಿನಿಯಂ ಮೇಲೆ, ಬೀಸಣಿಗೆ ಬಿಚ್ಚಿದ ಆಕಾರದಲ್ಲಿ ಕರಿ ಮಸಿ. "ಮ್ಯಾನಿಫೋಲ್ಡ್ ಪ್ಯಾಕಿಂಗ್ ಹೋಗೈತೆ. ಕೊನೇ ಸ್ಟಡ್ಡೂ ಕಟ್ಟಾಗೈತೆ, ನೋಡಿ, ನಟ್ಟೇ ಇಲ್ಲ," ಎಂದರು ಭಾಯಿ.

ಬಿಸಿಯಾದ ಮೇಲೆ ಸದ್ದು ಏಕೆ ಅಡಗುತ್ತಿತ್ತು ಎಂಬುದಕ್ಕೆ ನನಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಲೋಹ ಹಿಗ್ಗುತ್ತದೆ, ಸಂದಿ ಮುಚ್ಚಿಕೊಳ್ಳುತ್ತದೆ. ಸರ್ವಿಸ್ ಪೂರ್ತಿ ನಾನು ಹಿತ್ತಾಳೆಯ ಗುಂಡನ್ನು ಸ್ಪಿರಿಟ್ ದೀಪದಲ್ಲಿ ಕಾಯಿಸಿ, ಉಂಗುರದೊಳಗೆ ತೂರದ ಅದನ್ನು ಮಕ್ಕಳಿಗೆ ತೋರಿಸಿದವಳು. ಹಿಂದಿನ ಬೆಂಚಿನಲ್ಲಿ ಆಕಳಿಸುತ್ತಿದ್ದವರಿಗೆ "ಇದು ಜೀವನದಲ್ಲಿ ಬೇಕಾಗುತ್ತೆ ಕಣ್ರೋ" ಎಂದು ಗದರಿದವಳು. ಹಾಗೆ ಗದರುವಾಗ ನನಗೇ ಅದರಲ್ಲಿ ನಂಬಿಕೆ ಇರಲಿಲ್ಲ. ನಿವೃತ್ತಿಯಾದ ಮೇಲೆ ಹಿಗ್ಗುವಿಕೆಯ ಸೂತ್ರದ ಆ ಆಲ್ಫಾ ಅಕ್ಷರ ಮನೆ ಹುಡುಕಿಕೊಂಡು ಬಂದು ಕಾರಿನಲ್ಲಿ ಕೂತಿತ್ತು.

ಮಾಮೂಲಿ ಕಾರಿನಲ್ಲಿ ಇಷ್ಟು ಸಣ್ಣ ಸಂದಿ ಬರೀ ಸದ್ದಿನ ರಗಳೆ. ಟರ್ಬೊ ಕಾರಿನಲ್ಲಿ ಹಾಗಲ್ಲ. ಹೊಗೆಯನ್ನು ಹಾಗೇ ಬಿಸಾಡುವುದೇಕೆ, ಅದರ ಕೈಯಲ್ಲೂ ಒಂದು ಕೆಲಸ ಮಾಡಿಸೋಣ ಎಂಬ ಜಿಪುಣತನದ ಫಲ ಟರ್ಬೊ. 1905ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ ಎಂಬ ಎಂಜಿನಿಯರ್ ಇದಕ್ಕೆ ಪೇಟೆಂಟ್ ಪಡೆದ. ಹೊರಹೋಗುವ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಕೂಡಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರುವ ಚಕ್ರ. ಹೆಡ್ಡಿನಿಂದ ಆ ಚಕ್ರದವರೆಗಿನ ಗೇಣುದ್ದದ ಹಾದಿಯಲ್ಲಿ ಹೊಗೆಯ ಒತ್ತಡವೂ ಜಾಸ್ತಿ, ಬಿಸಿಯೂ ಜಾಸ್ತಿ. ಪೆಟ್ರೋಲ್ ಟರ್ಬೊದಲ್ಲಿ ಕಾಲು ಪೂರ್ತಿ ಒತ್ತಿದರೆ ಹೊಗೆ 900 ಡಿಗ್ರಿಯನ್ನೂ ಮುಟ್ಟುತ್ತದೆ. ದಾರಿಯಲ್ಲೇ ಸೋರಿದರೆ ಚಕ್ರಕ್ಕೆ ಬೇಕಾದ ಬಲ ಸಿಕ್ಕದು, ಏರಿನಲ್ಲಿ ಕಾರು ಏದುಸಿರು ಬಿಡುತ್ತದೆ. ಬಾನೆಟ್ಟಿನೊಳಗಿನ ಹೊಗೆ ಏಸಿಯ ದಾರಿ ಹಿಡಿದು ಒಳಗೆ ಬಂದರೆ ಅದಕ್ಕಿಂತ ಕೆಟ್ಟದ್ದು. ಅದರಲ್ಲಿನ ಇಂಗಾಲದ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಕರುಣೆಯೂ ಇಲ್ಲ. ಇಷ್ಟೆಲ್ಲವನ್ನೂ ತಡೆದು ನಿಲ್ಲಿಸಿರುವುದು ಬೆರಳಿನಷ್ಟು ದಪ್ಪ ಇಲ್ಲದ ಕೆಲವು ಸ್ಟಡ್ಡು, ಮತ್ತು ಕಾಗದಕ್ಕಿಂತ ಸ್ವಲ್ಪ ದಪ್ಪದ ಒಂದು ತಗಡು, ಅದೇ ಪ್ಯಾಕಿಂಗು.

ಬಿಸಿ, ಬಿಗಿ, ಹೊಗೆ ಎಂದ ಕೂಡಲೆ ನನಗೆ ಅಪ್ಪನ ಜಾವಾ ನೆನಪಾಗುತ್ತದೆ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ಬರತೊಡಗಿದ ಬೈಕುಗಳಲ್ಲಿ ಒಂದು, ಎರಡು ಸೈಲೆನ್ಸರಿನದು. ಭಾನುವಾರ ಎಣ್ಣೆಸ್ನಾನಕ್ಕೂ ಮುಂಚೆ ಅಪ್ಪ ಅಂಗಳದಲ್ಲಿ ಬೈಕು ನಿಲ್ಲಿಸಿ, ಕೊಕ್ಕೆಯಂಥ ಸ್ಪ್ಯಾನರು ಹಿಡಿದು ಸೈಲೆನ್ಸರ್ ಕೊಳವೆಯ ಬುಡದ ರೆಕ್ಕೆ ರೆಕ್ಕೆಯ ನಟ್ಟು ಬಿಗಿ ಮಾಡುತ್ತಿದ್ದರು. ಬಿಗಿಯಾಗಿಯೇ ಇದ್ದರೂ ಮಾಡುತ್ತಿದ್ದರು. ವಾರದಲ್ಲಿ ಒಮ್ಮೆ ಅದನ್ನು ಮಾತಾಡಿಸದಿದ್ದರೆ ಅವರಿಗೆ ಸಮಾಧಾನವಿಲ್ಲ. ಒಂದು ಸಲ ಗೇರ್ ಆಯಿಲ್ ಬದಲಿಸಲು ಕೂತವರು ತಾಮ್ರದ ವಾಷರನ್ನು ಇಕ್ಕಳದಲ್ಲಿ ಹಿಡಿದು ಅಡುಗೆಮನೆಗೆ ಬಂದರು. ಸೀಮೆಎಣ್ಣೆ ಸ್ಟೌವಿನ ಮೇಲೆ ಅಮ್ಮನ ಹುಳಿ ಕುದಿಯುತ್ತಿತ್ತು. "ಒಂದು ನಿಮಿಷ" ಎಂದು ಪಾತ್ರೆ ಇಳಿಸಿ ವಾಷರನ್ನು ಉರಿಗೆ ಹಿಡಿದರು. ಅದು ಕೆಂಪಾದ ಮೇಲೆ ತಂಬಿಗೆಯ ನೀರಿಗೆ ಅದ್ದಿದರು. ಚುಂಯ್ ಎಂದಿತು. "ನೋಡು, ಕಬ್ಬಿಣವಾದರೆ ಹೀಗೆ ಮಾಡಿದರೆ ಗಟ್ಟಿಯಾಗುತ್ತೆ. ತಾಮ್ರ ಮೆತ್ತಗಾಗುತ್ತೆ. ಮತ್ತೆ ಹೊಸದರ ಹಾಗೆ ಕೂರುತ್ತೆ," ಎಂದು ನನಗೆ ತೋರಿಸಿದರು. ಅಮ್ಮ ತೋರಿಸಿದ್ದು ತಂಬಿಗೆಯನ್ನು. ಅದು ದೇವರ ಮನೆಯದು. ನಾನು ವಿಜ್ಞಾನ ತೆಗೆದುಕೊಂಡದ್ದಕ್ಕೆ ಅಪ್ಪ ಕಾರಣವೋ, ಆ ತಂಬಿಗೆಯ ಮೇಲೆ ನಡೆದ ಅರ್ಧ ದಿನದ ವಾಗ್ವಾದ ಕಾರಣವೋ ಹೇಳುವುದು ಕಷ್ಟ.

ಮುರಿದ ಸ್ಟಡ್ಡು ತೆಗೆಯುವುದನ್ನು ನೋಡಲೆಂದೇ ನಾನು ಗ್ಯಾರೇಜಿನಲ್ಲಿ ಸ್ಟೂಲು ಹಾಕಿಸಿಕೊಂಡು ಕೂತೆ. ಬುಡಕ್ಕೇ ಮುರಿದಿರಲಿಲ್ಲ, ಹೆಡ್ಡಿನ ಮುಖದಿಂದ ಒಂದು ಕಾಳಿನಷ್ಟು ಹೊರಗೆ ಚಾಚಿತ್ತು. ಭಾಯಿ ಅದರ ಮೇಲೆ ಒಂದು ಹೊಸ ನಟ್ಟನ್ನು ಇಟ್ಟು, ನಟ್ಟಿನ ತೂತಿನೊಳಗೇ ವೆಲ್ಡಿಂಗ್ ತುಂಬಿದರು. ನೀಲಿ ಬೆಳಕು, ಸುಟ್ಟ ಎಣ್ಣೆಯ ವಾಸನೆ. ಕೆಂಪು ಆರಿ ಬೂದಿಬಣ್ಣಕ್ಕೆ ತಿರುಗುವವರೆಗೆ ಕಾದರು. ಆಮೇಲೆ ಹದಿಮೂರರ ಸ್ಪ್ಯಾನರು ಹಾಕಿ, ಬಿಚ್ಚುವ ಬದಲು ಮೊದಲು ಬಿಗಿಯುವ ಕಡೆಗೇ ಕೂದಲಿನಷ್ಟು ಒತ್ತಿದರು. ಮತ್ತೆ ಹಿಂದಕ್ಕೆ. ಮತ್ತೆ ಮುಂದಕ್ಕೆ. ಕಿರ್ರ್ ಎಂಬ ಸಣ್ಣ ಶಬ್ದದೊಂದಿಗೆ ವರ್ಷಗಳ ತುಕ್ಕು ಸಡಿಲಿಸಿತು. ಹುಡುಗರು ಯಾರೂ ಉಸಿರು ಬಿಡಲಿಲ್ಲ. ಹೊರಬಂದ ತುಂಡನ್ನು ಭಾಯಿ ನನ್ನ ಅಂಗೈಯಲ್ಲಿ ಹಾಕಿದರು, ಇನ್ನೂ ಬೆಚ್ಚಗಿತ್ತು. "ಯಾವಾಗ್ಲೂ ತುದೀದೇ ಮುರಿಯೋದು ಮೇಡಂ. ಯಾಕೋ ಗೊತ್ತಿಲ್ಲ."

ನನಗೆ ಗೊತ್ತಿತ್ತು! ಟೀಚರುಗಳಿಗೆ ಇಂಥ ಕ್ಷಣ ದಿನಾ ಸಿಗುವುದಿಲ್ಲ. ಗ್ಯಾರೇಜಿನ ಗೋಡೆಗೆ ಒರಗಿಸಿದ್ದ ತಗಡಿನ ಮೇಲೆ ಸೀಮೆಸುಣ್ಣದಿಂದ ಬರೆದೇಬಿಟ್ಟೆ. ಎರಕದ ಕಬ್ಬಿಣದ ಮ್ಯಾನಿಫೋಲ್ಡು 40 ಸೆಂಟಿಮೀಟರ್ ಉದ್ದ ಎನ್ನಿ. 600 ಡಿಗ್ರಿ ಬಿಸಿ ಏರಿದರೆ ಅದು ಎರಡೂವರೆ ಮಿಲಿಮೀಟರಿನಷ್ಟು ಬೆಳೆಯುತ್ತದೆ. ಅಲ್ಯೂಮಿನಿಯಂ ಸ್ವಭಾವತಃ ಕಬ್ಬಿಣದ ಎರಡರಷ್ಟು ಹಿಗ್ಗುವ ಲೋಹ. ಆದರೆ ಹೆಡ್ಡಿನೊಳಗೆ ನೀರು ಓಡುತ್ತಿರುತ್ತದೆ, ಅದು ಬಿಸಿಯಾಗುವುದೇ ಕಡಿಮೆ, ಹಾಗಾಗಿ ಬೆಳೆಯುವುದು ಮುಕ್ಕಾಲು ಮಿಲಿಮೀಟರಿನಷ್ಟು. ಇವೆರಡರ ನಡುವಿನ ವ್ಯತ್ಯಾಸವೆಲ್ಲ ನಡುವಿನಿಂದ ಎರಡೂ ಕಡೆಗೆ ಹಂಚಿಕೊಂಡು ತುದಿಗೆ ಹೋಗಿ ನಿಲ್ಲುತ್ತದೆ. ಪ್ರತಿ ಸಲ ಕಾರು ಬಿಸಿಯಾದಾಗ ತುದಿಯ ಸ್ಟಡ್ಡನ್ನು ಮ್ಯಾನಿಫೋಲ್ಡು ಒಂದು ಕಡೆಗೆ ತಳ್ಳುತ್ತದೆ, ತಣ್ಣಗಾದಾಗ ಎಳೆಯುತ್ತದೆ. ಅದಕ್ಕೇ ತುದಿಯ ತೂತುಗಳನ್ನು ಸ್ವಲ್ಪ ದೊಡ್ಡದಾಗಿ, ಒಮ್ಮೊಮ್ಮೆ ಉದ್ದುದ್ದವಾಗಿ ಕೊರೆದಿರುತ್ತಾರೆ, ಸರಿದಾಡಲಿ ಎಂದು. ಅದಕ್ಕೇ ಬಿಗಿ ಮಾಡುವಾಗಲೂ ನಡುವಿನಿಂದ ತುದಿಯ ಕಡೆಗೆ ಹೋಗಬೇಕು. ಭಾಯಿ ಗಮನವಿಟ್ಟು ಕೇಳಿದರು. "ಅಂದ್ರೆ ನಾವು ಮಾಡ್ತಿದ್ದುದು ಕರೆಕ್ಟೇ," ಎಂದು ತಗಡನ್ನು ಎತ್ತಿಕೊಂಡು ಹೋಗಿ ಒಂದು ಆಟೊದ ಅಡಿಗೆ ಹಾಸಿ ಮಲಗಿದರು. ಆಲ್ಫಾ ಅವರ ಬೆನ್ನಿಗೆ ಅಂಟಿರಬೇಕು.

ಇನ್ನು ಆಯ್ಕೆಯ ಸರದಿ. ಈಗಿನ ಕಾರಿನಲ್ಲಿ ನಮಗೆ ಆರಿಸಲು ಬಿಟ್ಟಿರುವುದು ಬಹಳ ಕಡಿಮೆ. ಎಲ್ಲವೂ ಮುಚ್ಚಿದ ಪೆಟ್ಟಿಗೆ, ಕೆಟ್ಟರೆ ಇಡೀ ಪೆಟ್ಟಿಗೆಯೇ ಬದಲು. ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಇದು ಬೇಡ ಅದು ಕೊಡಿ ಎನ್ನಬಹುದಾದ ಸುಖ ಉಳಿದಿರುವುದು ನಟ್ಟು ಬೋಲ್ಟಿನಲ್ಲಿ ಮಾತ್ರ. ಆ ಸುಖವನ್ನು ನಾನು ಬೇರೆಯವರಿಗೆ ಬಿಟ್ಟುಕೊಡುವವಳಲ್ಲ. "ಹುಡುಗನ್ನ ಕಳಿಸ್ತೀನಿ" ಎಂದ ಭಾಯಿಗೆ ಬೇಡವೆಂದು ಹೇಳಿ, ಮುರಿದ ಸ್ಟಡ್ಡನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಜೆ.ಸಿ. ರಸ್ತೆಗೆ ಹೊರಟೆ.

ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೆಂಗಸು ಒಬ್ಬಳೇ ಬಂದರೆ ಗಲ್ಲಾದ ಹಿಂದಿನ ಕಣ್ಣುಗಳು ಮೊದಲು ಅವಳ ಬೆನ್ನ ಹಿಂದೆ ಹುಡುಕುತ್ತವೆ. "ಯಜಮಾನ್ರು ಪಾರ್ಕಿಂಗಲ್ಲಿದ್ದಾರಾ ಅಮ್ಮ?" ನಾನು ಕರ್ಚೀಫು ಬಿಚ್ಚಿ ತುಂಡು ಸ್ಟಡ್ಡನ್ನು ಗಾಜಿನ ಮೇಲೆ ಇಟ್ಟೆ. "ಎಂಟು ಎಂಎಂ, ಒಂದೂಕಾಲು ಪಿಚ್ಚು. ಎಕ್ಸಾಸ್ಟ್ ಕಡೆಗೆ. ಟರ್ಬೊ ಗಾಡಿ," ಎಂದೆ. ಅಂಗಡಿಯವರು ತಲೆಯೆತ್ತಿ ಹುಡುಗನಿಗೆ, "ಅಮ್ಮಂಗೆ ಚೇರ್ ಹಾಕೋ," ಎಂದರು. ಮರ್ಯಾದೆ ಇಷ್ಟು ಸುಲಭವಾಗಿ ಸಿಗುತ್ತದೆಂದು ಮೊದಲೇ ತಿಳಿದಿದ್ದರೆ ನಾನು ಕಾಲೇಜಿಗೂ ಒಂದು ಸ್ಟಡ್ಡು ಹಿಡಿದುಕೊಂಡೇ ಹೋಗುತ್ತಿದ್ದೆ.

ಅವರು ಮೊದಲು ಸುರಿದದ್ದು ಸ್ಟೀಲಿನವು, ಕನ್ನಡಿಯ ಹಾಗೆ ಹೊಳೆಯುವಂಥವು. "ತುಕ್ಕೇ ಹಿಡಿಯಲ್ಲ ಅಮ್ಮ." ನಿಜ, ಹಿಡಿಯುವುದಿಲ್ಲ. ಆದರೆ ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟು ಹಾಕಿ ಬಿಗಿದರೆ ಎರಡೂ ಒಂದನ್ನೊಂದು ಕಚ್ಚಿಕೊಂಡು ಬಿಚ್ಚಲಾಗದ ಹಾಗೆ ಕೂರುವುದೂ ನಿಜ, ಅದರಲ್ಲೂ ಬಿಸಿಗೆ. ಸಾಮಾನ್ಯ ಸ್ಟೀಲಿಗಿಂತ ಅದು ಹೆಚ್ಚು ಹಿಗ್ಗುತ್ತದೆ ಕೂಡ. ಬೋಲ್ಟೇ ಉದ್ದವಾದರೆ ಹಿಡಿತ ಎಲ್ಲಿಯದು? ಬೇಡವೆಂದೆ. ಒಳಗೆ ನೀಲಿ ನೈಲಾನ್ ಬಳೆಯ ನಟ್ಟು ತೋರಿಸಿದರು, ಎಷ್ಟೇ ಅದುರಿದರೂ ಸಡಿಲವಾಗದಂಥದು. ಟರ್ಬೊದ ಪಕ್ಕದಲ್ಲಿ ನೈಲಾನು ಒಂದು ಸಿಗ್ನಲ್ ದಾಟುವವರೆಗೂ ಉಳಿಯದು. ಅದೂ ಬೇಡ. ಸ್ಪ್ರಿಂಗ್ ವಾಷರ್? ಕಾದು ಕಾದು ಅದರ ಸ್ಪ್ರಿಂಗೇ ಸತ್ತುಹೋಗುತ್ತದೆ. ಆಗ ಅವರು ಗಲ್ಲಾದ ಕೆಳಗಿನಿಂದ, ಬಂಗಾರದಂಗಡಿಯವರು ಒಳಗಿನ ಟ್ರೇ ತೆಗೆಯುವ ಗತ್ತಿನಲ್ಲಿ, ಒಂದು ಪುಟ್ಟ ಡಬ್ಬಿ ತೆಗೆದರು. ಕಪ್ಪು ಬಣ್ಣದ ಅಲೆನ್ ಬೋಲ್ಟುಗಳು. "ಇದು ನೋಡಿ. ಟ್ವೆಲ್ವ್ ಪಾಯಿಂಟ್ ನೈನ್. ಇದಕ್ಕಿಂತ ಸ್ಟ್ರಾಂಗ್ ಇಡೀ ರಸ್ತೇಲಿ ಸಿಗಲ್ಲ."

ಬೋಲ್ಟಿನ ತಲೆಯ ಮೇಲಿನ ಈ ಅಂಕಿಗಳನ್ನು ಓದುವುದು ನನಗೆ ಮೊದಲಿನಿಂದಲೂ ಇಷ್ಟ. 8.8, 10.9, 12.9. ಚುಕ್ಕೆಯ ಹಿಂದಿನ ಅಂಕಿಯನ್ನು ನೂರರಿಂದ ಗುಣಿಸಿದರೆ ಒಂದು ಚದರ ಮಿಲಿಮೀಟರು ಎಷ್ಟು ನ್ಯೂಟನ್ ಎಳೆತ ತಾಳಿ ತುಂಡಾಗುತ್ತದೆ ಎಂಬ ಲೆಕ್ಕ. ಮುಂದಿನ ಅಂಕಿ, ಆ ಬಲದ ಎಷ್ಟನೇ ಪಾಲಿಗೆ ಅದು ಮತ್ತೆ ಮೊದಲಿನಂತಾಗಲಾರದಷ್ಟು ಜಗ್ಗುತ್ತದೆ ಎಂಬುದು. 8.8 ಎಂದರೆ ತುಂಡಾಗಲು 800, ಜಗ್ಗಲು ಅದರ ಹತ್ತರಲ್ಲಿ ಎಂಟು ಪಾಲು. ಎಂಟು ಎಂಎಂನ ಅಂಥ ಒಂದೇ ಬೋಲ್ಟಿಗೆ ನಮ್ಮ ಇಡೀ ಕಾರನ್ನು ನೇತುಹಾಕಿದರೂ ಅದು ಜಪ್ಪಯ್ಯ ಎನ್ನುವುದಿಲ್ಲ. ಮನುಷ್ಯರ ಹಣೆಬರಹ ಓದಲು ಬ್ರಹ್ಮನೇ ಬರಬೇಕು, ಬೋಲ್ಟಿನದು ಕನ್ನಡಕವಿದ್ದರೆ ಸಾಕು. ಎಷ್ಟು ತಾಳುತ್ತೇನೆ, ಎಲ್ಲಿ ಜಗ್ಗುತ್ತೇನೆ, ಎಲ್ಲಿ ಮುರಿಯುತ್ತೇನೆ ಎಂದು ತಲೆಯ ಮೇಲೆ ಬರೆದುಕೊಂಡೇ ಅಂಗಡಿಗೆ ಬಂದಿರುತ್ತದೆ. ನಮ್ಮ ಮನೆಯವರ ತಲೆಯ ಮೇಲೂ ಇಂಥದೊಂದು ನಂಬರಿದ್ದರೆ ಸಂಸಾರ ಎಷ್ಟು ಸಲೀಸಾಗಿರುತ್ತಿತ್ತು ಎಂದು ಯೋಚಿಸುತ್ತ 12.9ರ ಡಬ್ಬಿಯನ್ನು ಕೈಗೆತ್ತಿಕೊಂಡೆ. ಆದರೂ ಒಬ್ಬರನ್ನು ಕೇಳಿಬಿಡೋಣ ಎನಿಸಿ ಶಕ್ತಿನಗರದ ಮಾವನಿಗೆ ಫೋನ್ ಮಾಡಿದೆ.

ಮಾವ ಎಂದರೆ ಅಮ್ಮನ ಕೊನೆಯ ತಮ್ಮ. ರಾಯಚೂರಿನ ಶಾಖೋತ್ಪನ್ನ ಕೇಂದ್ರದಲ್ಲಿ 1985ರಲ್ಲಿ ಮೊದಲ ಘಟಕ ವಿದ್ಯುತ್ ಕೊಡಲು ಶುರುಮಾಡಿದ ಕಾಲಕ್ಕೆ ಫಿಟ್ಟರಾಗಿ ಹೋದವರು. ಆ ಕಡೆಯ ಬಿಸಿಲೂ ಮಾತೂ ಎರಡೂ ಮೈಗೆ ಹತ್ತಿ, ನಿವೃತ್ತಿಯಾದ ಮೇಲೂ ಅಲ್ಲೇ ಉಳಿದಿದ್ದಾರೆ. ಸರ್ವಿಸ್ ತುಂಬ ಅವರು ಮಾಡಿದ್ದು ಒಂದೇ ಕೆಲಸ: 500 ಡಿಗ್ರಿ ಮೀರಿದ ಹಬೆ ಓಡುವ ಕೊಳವೆಗಳ ಜೋಡಣೆಯಲ್ಲಿ ಒಂದು ಎಳೆ ಹಬೆಯೂ ಹೊರಬರದಂತೆ ನೋಡಿಕೊಳ್ಳುವುದು. ಹಬ್ಬಕ್ಕೆ ಬಂದಾಗಲೂ ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ಟನ್ನು ಬೆಳಕಿಗೆ ಹಿಡಿದು ನೋಡದೆ ಊಟಕ್ಕೆ ಕೂತವರಲ್ಲ.

"12.9 ಅಂತೀಯೇನು? ಆ ನಂಬರ ಯಾವಾಗ ಬರದಾರ, ಹೇಳು," ಎಂದರು ಮಾವ.

"ಕಾರ್ಖಾನೇಲಿ, ಮಾವ."

"ಅದ, ಕಾರ್ಖಾನ್ಯಾಗ. ತಣ್ಣಗಿದ್ದಾಗ ಬರದ ನಂಬರ ಅದು. ನೀ ಹಾಕೂದು ಒಲಿ ಬಾಯಾಗ. ಬಿಸಿ ಆದಮ್ಯಾಲ ಅದರ ನಂಬರ ಎಷ್ಟು, ಕೇಳಿದೇನು ಅಂಗಡಿಯವಂಗ?"

ಕೇಳಿರಲಿಲ್ಲ. ಅಂಗಡಿಯವರನ್ನೂ ಯಾರೂ ಕೇಳಿರಲಿಲ್ಲ. ಮಾವ ಅಲ್ಲಿಂದಲೇ ಪಾಠ ಹೇಳಿದರು. ಇಂಥ ಬೋಲ್ಟಿಗೆ ಬಲ ಬರುವುದೇ ಕಾಯಿಸಿ, ಅದ್ದಿ, ಮತ್ತೆ ಹದವಾಗಿ ಕಾಯಿಸುವುದರಿಂದ. ಹದ ಮಾಡಿದ ಶಾಖದ ಆಸುಪಾಸಿಗೆ ಅದನ್ನು ದಿನಾ ಒಯ್ದರೆ ಹದ ತಪ್ಪುತ್ತದೆ, ನಂಬರು ಇದ್ದಲ್ಲೇ ಇರುತ್ತದೆ, ಬಲ ಇಳಿಯುತ್ತದೆ. ಎಳೆತದಲ್ಲಿರುವ ಲೋಹ ಬಿಸಿಯಲ್ಲಿ ಯಾರಿಗೂ ಗೊತ್ತಾಗದಂತೆ ನಿಧಾನವಾಗಿ ಸೋಲುತ್ತದೆ. ಹೆಚ್ಚು ನಂಬರಿನದು ಪೆಡಸು ಬೇರೆ, ಬಾಗುವುದಕ್ಕಿಂತ ಮುರಿಯುವುದೇ ಅದಕ್ಕೆ ಸುಲಭ. ಅವರ ಹಬೆ ಕೊಳವೆಗಳಿಗೆ ಹಾಕುತ್ತಿದ್ದುದು ಕ್ರೋಮ್, ಮಾಲಿಬ್ಡಿನಂ ಬೆರೆಸಿದ ಸ್ಟಡ್ಡುಗಳಂತೆ. ತಣ್ಣಗಿದ್ದಾಗ ಅವು ಮಹಾ ಶೂರರೇನಲ್ಲ, ಬಿಸಿಯಲ್ಲಿ ಮಾತಿಗೆ ತಪ್ಪದವು. "ನಿನ್ನ ಗಾಡಿ ಕಂಪನಿಯವ್ರೂ ಅಂಥದನ್ನ ಹಾಕಿರ್ತಾರ. ಅದನ್ನ ತಗೋ. ತಲಿ ಮ್ಯಾಲೆ ಬರದದ್ದು ಓದಬ್ಯಾಡ," ಎಂದು ಮಾವ ಫೋನಿಟ್ಟರು.

ಆ ಮಾತು ನನ್ನನ್ನು ಸುಮ್ಮನೆ ಬಿಡಲಿಲ್ಲ. ನಾನೂ ಜೀವಮಾನವಿಡೀ ಬರೆದದ್ದು ತಣ್ಣಗಿದ್ದಾಗಿನ ನಂಬರುಗಳನ್ನೇ. ಫ್ಯಾನಿನ ಕೆಳಗೆ ಕೂತ ಮಕ್ಕಳು ಮೂರು ಗಂಟೆ ಬರೆದದ್ದಕ್ಕೆ, ಇನ್ನೊಂದು ಫ್ಯಾನಿನ ಕೆಳಗೆ ಕೂತು 35, 60, 92 ಎಂದು ಹಾಕಿದವಳು. 92ರ ಹುಡುಗನೊಬ್ಬ ಮೊದಲ ಕೆಲಸದ ಮೊದಲ ಬೈಗುಳಕ್ಕೇ ರಾಜೀನಾಮೆ ಕೊಟ್ಟು ಬಂದ ಸುದ್ದಿ ಕೇಳಿದ್ದೇನೆ. ಹಿಗ್ಗುವಿಕೆಯ ಸೂತ್ರವನ್ನು ಪರೀಕ್ಷೆಯಲ್ಲಿ ತಲೆಕೆಳಗಾಗಿ ಬರೆದು ಕಷ್ಟಪಟ್ಟು 35 ಗಿಟ್ಟಿಸಿದ್ದವಳು, ಅಪ್ಪ ತೀರಿಕೊಂಡ ಮೇಲೆ ಮೂವರು ತಂಗಿಯರ ಮದುವೆ ಮಾಡಿ, ಈಗ ತನ್ನದೇ ಬೇಕರಿಯ ಓವನ್ನಿನ ಮುಂದೆ ನಿಂತು ನನಗೆ ಬಿಸಿ ಬನ್ನು ಕಟ್ಟಿಕೊಡುತ್ತಾಳೆ. "ಮಿಸ್, ನನಗೆ ಫಿಸಿಕ್ಸ್ ಬರ್ತಾನೇ ಇರಲಿಲ್ಲ," ಎಂದು ನಗುತ್ತಾಳೆ. ಓವನ್ನಿನ ಬಾಗಿಲಿನ ತಿರುಪು ಸಡಿಲಾದರೆ ಬಿಗಿಯುವುದೂ ಅವಳೇ.

12.9ರ ಡಬ್ಬಿಯನ್ನು ವಾಪಸು ಕೊಟ್ಟು, ಕಾರಿನ ಕಂಪನಿಯದೇ ಸ್ಟಡ್ಡು, ತಾಮ್ರದ ಲೇಪದ ನಟ್ಟು ಕೊಡಿ ಎಂದೆ. ಆ ನಟ್ಟುಗಳು ನೋಡಲು ಚೆಂದ. ಸಣ್ಣಗೆ, ಕೆಂಪಗೆ, ಬಾಯನ್ನು ಒಂದು ಕಡೆ ತುಸುವೇ ಅಮುಕಿರುತ್ತಾರೆ, ನೈಲಾನಿಲ್ಲದೆಯೇ ಹಿಡಿದು ನಿಲ್ಲಲಿ ಎಂದು. ತಾಮ್ರವಿರುವುದರಿಂದ ಸ್ಟಡ್ಡಿಗೆ ಕಚ್ಚಿಕೊಳ್ಳುವುದಿಲ್ಲ, ಮುಂದೊಮ್ಮೆ ಬಿಚ್ಚಲು ಬರುತ್ತದೆ.

ಪ್ಯಾಕಿಂಗಿನ ವಿಷಯ ಇನ್ನೂ ದೊಡ್ಡ ಪಂಚಾಯಿತಿ. ತಂಗಿಯ ಮಗ ರ‍್ಯಾಲಿಯ ಹುಚ್ಚಿನವನು, ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣು ದಾರಿಗಳಲ್ಲಿ ಧೂಳೆಬ್ಬಿಸುವುದೇ ಅವನ ತೀರ್ಥಯಾತ್ರೆ. ವಿಷಯ ಕಿವಿಗೆ ಬಿದ್ದದ್ದೇ ಓಡಿ ಬಂದ. "ದೊಡ್ಡಮ್ಮ, ಹೇಗೂ ಬಿಚ್ಚಿದ್ದೀರಿ, ಎರಕದ್ದು ಬಿಸಾಕಿ ಸ್ಟೀಲ್ ಹೆಡರ್ ಹಾಕಿಸಿಬಿಡಿ. ಇನ್‌ಕನೆಲ್ ಸ್ಟಡ್ ತರಿಸ್ತೀನಿ. ಜೆಟ್ ಎಂಜಿನ್ನಿಗೆ ಹಾಕೋ ಲೋಹ. ಕೆಂಪಗೆ ಕಾದರೂ ಬಲ ಬಿಡಲ್ಲ." ಮಾವ ಹೇಳಿದ ಪರೀಕ್ಷೆಯಲ್ಲಿ ಇನ್‌ಕನೆಲ್ ಪಾಸೇ, ಅನುಮಾನವಿಲ್ಲ. ಆದರೆ ನಾನು ಆ ಕಾರಿನಲ್ಲಿ ಹೋಗುವುದು ಗಾಂಧಿ ಬಜಾರಿಗೆ, ಹೆಚ್ಚೆಂದರೆ ಜಯನಗರಕ್ಕೆ. ಅವರೆಕಾಯಿ ತರಲು ಜೆಟ್ ಲೋಹ ಬೇಕೇ? ಸ್ಟೇನ್‌ಲೆಸ್ ಸ್ಟೀಲಿನ ಹೆಡರು ಎರಕದ್ದಕ್ಕಿಂತಲೂ ಹೆಚ್ಚು ಹಿಗ್ಗುತ್ತದೆ. ಅದೇ ಮೊಳದುದ್ದಕ್ಕೆ ನಾಲ್ಕು ಮಿಲಿಮೀಟರು. ತುದಿಯ ಸ್ಟಡ್ಡಿನ ಪಾಡು ನೆನೆದು ಬೇಡವೆಂದೆ. ಅವನು ನನ್ನನ್ನು ನೋಡಿದ ನೋಟದಲ್ಲಿ ಒಂದು ತಲೆಮಾರಿನ ಪೂರ್ತಿ ನಿರಾಶೆ ಇತ್ತು.

ಭಾಯಿಯ ಒಲವು ಗ್ರಾಫೈಟಿನ ಕಡೆಗೆ. ನಡುವೆ ತೂತು ತೂತಿನ ಸ್ಟೀಲ್ ತಗಡು, ಎರಡೂ ಬದಿ ಕಪ್ಪು ಗ್ರಾಫೈಟು. ಮೆತ್ತಗಿರುವುದರಿಂದ ಮುಖ ಸ್ವಲ್ಪ ಏರುಪೇರಾಗಿದ್ದರೂ ಒಪ್ಪಿಕೊಂಡು ಕೂರುತ್ತದೆ, ಹಳೆಯ ಎಂಜಿನ್ನಿಗೆ ಸಲೀಸು. ಕಂಪನಿ ಹಾಕಿದ್ದು ಬೇರೆ ಥರದ್ದು, ತೆಳ್ಳನೆಯ ಸ್ಟೀಲ್ ತಗಡುಗಳು ಒಂದರ ಮೇಲೊಂದು. ಪ್ರತಿ ತೂತಿನ ಸುತ್ತ ಉಬ್ಬು ಅಂಚು. ಬಿಗಿದಾಗ ಆ ಉಬ್ಬು ಸ್ಪ್ರಿಂಗಿನಂತೆ ಒತ್ತಿಕೊಂಡು ಎರಡೂ ಕಡೆಯ ಹಿಗ್ಗು ಕುಗ್ಗನ್ನು ಹಿಂಬಾಲಿಸುತ್ತದೆ. ಬಿಸಿ ಜಾಸ್ತಿಯಾದರೆ, ಗಾಳಿಯೂ ಸೇರಿದರೆ, ಗ್ರಾಫೈಟು ಮೆಲ್ಲಗೆ ಉರಿದು ಸವೆಯುತ್ತದೆ, ತಗಡಿನದು ತಾಳುತ್ತದೆ. ಆದರೆ ತಗಡಿನದಕ್ಕೆ ಕೂರುವ ಮುಖ ಸಪಾಟಾಗಿರಲೇಬೇಕು. "ಹಳೇ ಕಾಲದಲ್ಲಿ ಆಸ್ಬೆಸ್ಟಾಸ್ ಇತ್ತು ಮೇಡಂ, ಯಾವುದಕ್ಕೂ ಇಲ್ಲ ಅಂತಿರಲಿಲ್ಲ," ಎಂದು ಭಾಯಿ ನಿಟ್ಟುಸಿರಿಟ್ಟರು. ಅದು ಶ್ವಾಸಕೋಶಕ್ಕೂ ಇಲ್ಲವೆನ್ನುತ್ತಿರಲಿಲ್ಲ ಎಂಬುದು ಮಾವನ ಸಹೋದ್ಯೋಗಿಗಳಿಗೆ ಗೊತ್ತು. ನಮ್ಮ ಮನೆಯವರು ಈ ಚರ್ಚೆಯನ್ನೆಲ್ಲ ಪೇಪರಿನ ಹಿಂದಿನಿಂದ ಕೇಳಿಸಿಕೊಂಡು ಕೊನೆಗೆ ಬಾಯಿಬಿಟ್ಟರು. "ಎಂ-ಸೀಲ್ ಹಚ್ಚಿದರೆ ಆಗೋಲ್ವಾ?"

ಭಾಯಿ ಮ್ಯಾನಿಫೋಲ್ಡಿನ ಮುಖಕ್ಕೆ ಸ್ಟೀಲಿನ ನೇರಪಟ್ಟಿ ಹಿಡಿದು ಕೆಳಗೆ ಫೀಲರ್ ಗೇಜಿನ ಎಲೆ ತೂರಿಸಿದರು. ನಡುವೆ ತೂರಲಿಲ್ಲ, ನಾಲ್ಕನೇ ಬಾಯಿಯ ಹತ್ತಿರ ಸಲೀಸಾಗಿ ತೂರಿತು. ಸೊಟ್ಟಗಾಗಿತ್ತು. ಇಷ್ಟು ವರ್ಷ ಬೆಂದು ತಣಿದ ಕಬ್ಬಿಣ ಸೊಟ್ಟಗಾಗದೆ ಇದ್ದೀತೇ? ಲೇತಿನವರ ಬಳಿ ಫೇಸಿಂಗ್ ಮಾಡಿಸಿದ್ದಾಯಿತು. ಹೊಸ ಮುಖ ಬೆಳ್ಳಗೆ, ಸಣ್ಣ ಗೆರೆಗಳೊಂದಿಗೆ ಬಂತು. ತಗಡಿನ ಪ್ಯಾಕಿಂಗೇ ಗೆದ್ದಿತು.

ಕೂರಿಸುವ ದಿನ ಸಣ್ಣ ಜಗಳವಾಯಿತು. ಭಾಯಿಗೆ ಅವರ ಕೈಯೇ ಟಾರ್ಕ್ ರೆಂಚು. ನಾನು ತಂಗಿಯ ಮಗನಿಂದ ನಿಜವಾದ ಟಾರ್ಕ್ ರೆಂಚು ಇಸಿದುಕೊಂಡು ಬಂದಿದ್ದೆ. ಬಿಗಿಯಲು ನಾವು ಹಾಕುವ ಬಲದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಘರ್ಷಣೆಯೇ ನುಂಗುತ್ತದೆ, ನಟ್ಟಿನ ಅಡಿಯಲ್ಲಿ ಅರ್ಧ, ಥ್ರೆಡ್ಡಿನಲ್ಲಿ ಉಳಿದದ್ದು. ನಿಜಕ್ಕೂ ಹಿಡಿದಿಡುವ ಎಳೆತಕ್ಕೆ ಸಿಗುವುದು ಹತ್ತನೇ ಒಂದು ಪಾಲು. ಥ್ರೆಡ್ಡಿಗೆ ಎಣ್ಣೆ ಬಿದ್ದರೆ ಆ ಪಾಲು ತಟ್ಟನೆ ಹೆಚ್ಚುತ್ತದೆ, ಅದೇ ಬಿಗಿತಕ್ಕೆ ಸ್ಟಡ್ಡು ಜಗ್ಗಿಹೋಗುತ್ತದೆ. ಹಾಗಾಗಿ ಎಣ್ಣೆ ಹಚ್ಚಬೇಡಿ, ಅಳತೆಗೆ ಬಿಗಿಯಿರಿ ಎಂದೆ. ಭಾಯಿ ಎರಡೂ ಕೇಳಿದರು: ಮೊದಲು ಕೈಯಳತೆಯಲ್ಲಿ ನಡುವಿನ ನಟ್ಟು ಬಿಗಿದು, ಆಮೇಲೆ 25 ನ್ಯೂಟನ್ ಮೀಟರಿಗೆ ಇಟ್ಟ ರೆಂಚು ಹಾಕಿದರು. ಕೂದಲೆಳೆ ತಿರುಗುವ ಮುನ್ನವೇ ರೆಂಚು ಟಕ್ ಎಂದಿತು. ಭಾಯಿ ನನ್ನ ಕಡೆ ನೋಡಲಿಲ್ಲ. ನೋಡದೆ ಇದ್ದುದೇ ಹೆಚ್ಚಾಯಿತು. ಉಳಿದ ನಟ್ಟುಗಳನ್ನು ನನ್ನ ಸಮಾಧಾನಕ್ಕಾಗಿ ರೆಂಚಿನಲ್ಲೇ ಬಿಗಿದುಕೊಟ್ಟರು.

"ಒಂದು ಐನೂರು ಆರುನೂರು ಕಿಲೋಮೀಟರ್ ಓಡಿಸಿ ಬನ್ನಿ ಮೇಡಂ. ಚೆನ್ನಾಗಿ ಬಿಸಿಯಾಗಿ ತಣ್ಣಗಾಗಲಿ. ಆಮೇಲೆ ಒಂದ್ಸಲ ನೋಡೋಣ." ಗಾಂಧಿ ಬಜಾರಿನ ಲೆಕ್ಕದಲ್ಲಿ ಅದಕ್ಕೆ ಸಂಕ್ರಾಂತಿಯಿಂದ ಯುಗಾದಿ ಆಗುತ್ತದೆ. ಮಾವನಿಗೆ ಫೋನ್ ಮಾಡಿ ಕೆಲಸ ಮುಗಿದ ಸುದ್ದಿ ಹೇಳಿದರೆ ಅವರಿಗೆ ಹೊಸದರ ಮೇಲೆ ಆಸಕ್ತಿಯೇ ಇಲ್ಲ. "ಹಳೇ ಪ್ಯಾಕಿಂಗ ಎಲ್ಲದ? ಒಗದಿ ಏನು? ಒಗೀಬ್ಯಾಡವಾ, ಇಲ್ಲಿಗಿ ತಗೊಂಡು ಬಾ. ಎಲ್ಲಿಂದ ಸೀಳ್ಯದ ಅಂತ ನಾ ನೋಡ್ಬೇಕು." ಬೆಂಗಳೂರಿನಿಂದ ರಾಯಚೂರು ನಾನೂರು ಕಿಲೋಮೀಟರಿನ ಮೇಲೆ. ತೂತು ಬಿದ್ದ ತಗಡು ತೋರಿಸಲು ಅಷ್ಟು ದೂರವೇ ಎಂದು ಮನೆಯವರು ಮುಖ ಗಂಟಿಕ್ಕಿದರು. ಅಲ್ಲಿಂದ ಮಂತ್ರಾಲಯ ಹತ್ತಿರ ಎಂದೆ. ಗಂಟು ಬಿಚ್ಚಿತು. ಸಂಜೆಯೊಳಗೆ ಬೀದಿಯವರಿಗೆಲ್ಲ ಅವರೇ ಹೇಳಿಕೊಂಡು ಬಂದರು, ರಾಯರ ದರ್ಶನಕ್ಕೆ ಹೊರಟಿದ್ದೇವೆ, ಬಹಳ ದಿನದ ಹರಕೆ ಎಂದು.

ಹೊರಡುವ ಹಿಂದಿನ ರಾತ್ರಿ ಸೂಟ್‌ಕೇಸು ತುಂಬಿದೆ. ಹಳೆಯ ಪ್ಯಾಕಿಂಗನ್ನು ಪೇಪರಿನಲ್ಲಿ ಎರಡು ಸುತ್ತು ಸುತ್ತಿದರೂ ಮಸಿ ಬಿಡುತ್ತಲೇ ಇತ್ತು. ನನ್ನ ಸೀರೆಗಳಿಗೆ ಹತ್ತೀತೆಂದು ಅದನ್ನು ಅವರ ಮಡಿ ಪಂಚೆಗಳ ನಡುವೆ ಇಟ್ಟೆ.